ನೀಲಿ ದ್ರಾಕ್ಷಿಯ ಇಟಲಿ ನೆಂಟರು

ಕಿಯಾಂತಿ, ಬಾರೋಲೋ, ಮೊಂತಾಲ್ಚಿನೋ. ಇಟಲಿಯ ಕೆಂಪು ವೈನುಗಳು ಊರಿನ ಹೆಸರಿನಲ್ಲೇ ಜಗತ್ತನ್ನು ಗೆದ್ದವು. ಊರಿನ ಹೆಸರು ಹೊತ್ತ ದ್ರಾಕ್ಷಿ ನಮ್ಮಲ್ಲೂ ಇದೆ. ಇಟಲಿಯ ಹಿತ್ತಲಿನಲ್ಲಿ ಅದರ ಒಡಹುಟ್ಟೂ ಇದೆ. ರಸೆಲ್ ಮಾರ್ಕೆಟ್ಟಿನ ಬುಟ್ಟಿಯಿಂದ ಕಾಕ್ಸ್‌ಟೌನಿನ ಜಾಡಿಯವರೆಗೆ, ‘ಬೆಂಗಳೂರು ಬ್ಲೂ’ ಬೆನ್ನು ಹಿಡಿದು ಒಂದು ಓಡಾಟ.

"ವೈನಿಗಾ ಅಕ್ಕಾ, ತಿನ್ನಕ್ಕಾ?"

ನವೆಂಬರ್ ಮೊದಲ ವಾರ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಕಪ್ಪು ದ್ರಾಕ್ಷಿಯ ಮುಂದೆ ನಿಂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ತಿನ್ನಲು ಅಂದರೆ ವ್ಯಾಪಾರಿ ಮೇಲಿನಿಂದ ಬಿಗಿಯಾದ ಗೊಂಚಲು ಎತ್ತಿ ಕೊಡುತ್ತಾನೆ. ವೈನಿಗೆ ಅಂದರೆ ಕೈ ಬುಟ್ಟಿಯ ತಳಕ್ಕೆ ಇಳಿಯುತ್ತದೆ. ಅಲ್ಲಿರುವುದು ತೊಟ್ಟು ಬಿಟ್ಟ ಹಣ್ಣು. ಮಾಗಿ ಮೆತ್ತಗಾಗಿದೆ, ಸಿಪ್ಪೆಯ ಮೇಲಿನ ಬೂದಿಯಂಥ ಪುಡಿ ಅಳಿಸಿ ಮಿರಮಿರ ಮಿಂಚುತ್ತಿದೆ. ಕಣ್ಣಿಗೆ ಅಂದವಿಲ್ಲ, ಬೆಲೆಯೂ ಕಡಿಮೆ. ಆದರೆ ಬುಟ್ಟಿ ಕೊಂಚ ಅಲುಗಿದರೂ ಘಮ್ಮೆಂದು ಒಂದು ವಾಸನೆ ಏಳುತ್ತದೆ. ಮಾರ್ಕೆಟ್ಟಿನ ಮೀನು, ಮಲ್ಲಿಗೆ, ಕೊತ್ತಂಬರಿ ಎಲ್ಲವನ್ನೂ ದಾಟಿ ಬಂದು ಮೂಗಿನಲ್ಲಿ ಕೂರುವ ವಾಸನೆ.

"ಎಲ್ಲಿ ಮಾಲು ಭಾಯ್ ಇದು?"

"ದೇವನಹಳ್ಳಿ. ಒಂದೇ ತೋಟದ್ದು."

ನಾಲ್ಕು ಕಿಲೋ ತೂಗಿಸಿಕೊಂಡೆ. ಅದು ನನಗಲ್ಲ, ಕಾಕ್ಸ್‌ಟೌನಿನಲ್ಲಿರುವ ಆಂಟಿಗೆ. ಎಂಬತ್ತರ ಮೇಲಾಯಿತು, ಮೊಣಕಾಲು ಕೇಳುವುದಿಲ್ಲ, ಹಾಗಾಗಿ ಮೂರು ವರ್ಷದಿಂದ ಮಾರ್ಕೆಟ್ಟಿನ ಕೆಲಸ ನನ್ನ ಪಾಲಿಗೆ ಬಂದಿದೆ. ವೈನಿನ ಕೆಲಸವನ್ನು ಮಾತ್ರ ಆಂಟಿ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಕ್ರಿಸ್‌ಮಸ್ ಶುರುವಾಗುವುದು ಡಿಸೆಂಬರಿನಲ್ಲಲ್ಲ, ಹೀಗೆ ನವೆಂಬರಿನಲ್ಲಿ, ಅಡುಗೆಮನೆಯ ಒಂದು ಕತ್ತಲೆ ಮೂಲೆಯಲ್ಲಿ. ಆಂಟಿಯ ಮನೆಯಲ್ಲಿ ಆ ಮೂಲೆಯಲ್ಲಿರುವುದು ಅವರ ತಾಯಿಯ ಕಾಲದ ಪಿಂಗಾಣಿ ಜಾಡಿ. ಮೇಲೆ ಕಂದು, ಕೆಳಗೆ ಬಿಳಿ, ಬಾಯಿಗೆ ಹಳೆಯ ಮಲ್ ಬಟ್ಟೆ. ಉಪ್ಪಿನಕಾಯಿಯ ಜಾಡಿಯನ್ನು ವೈನಿಗೆ ಬಳಸಬಾರದು, ವೈನಿನ ಜಾಡಿಗೆ ಉಪ್ಪಿನಕಾಯಿ ಹಾಕಲೇಬಾರದು. ಆ ಮನೆಯಲ್ಲಿ ಇದು ಮಡಿಯಷ್ಟೇ ಕಟ್ಟುನಿಟ್ಟು.

ಹಣ್ಣನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದು ಹನಿ ನೀರೂ ಉಳಿಯದಂತೆ ಆರಿಸುತ್ತಾರೆ. ಆಮೇಲೆ ಕೈಯಲ್ಲೇ ಹಿಸುಕುವುದು. ಹಣ್ಣಿನಷ್ಟೇ ತೂಕದ ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಿಟಿಕೆ ಯೀಸ್ಟ್, ಎರಡು ತುಂಡು ಚಕ್ಕೆ. ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುವುದು, ಅದೂ ಒಂದೇ ದಿಕ್ಕಿಗೆ. ಎರಡನೆಯ ದಿನವೇ ಸಿಪ್ಪೆಯೆಲ್ಲ ಮೇಲಕ್ಕೆದ್ದು ಟೊಪ್ಪಿಗೆಯಂತೆ ಕೂರುತ್ತದೆ. ಅದನ್ನು ಒತ್ತಿ ಮುಳುಗಿಸುವಾಗ ಜಾಡಿ ಸುಂಯ್ ಎನ್ನುತ್ತದೆ.

"ಕೇಳು ಚೈಲ್ಡ್, ಮಾತಾಡ್ತಾ ಇದೆ," ಎನ್ನುತ್ತಾರೆ ಆಂಟಿ, ಕಿವಿಯನ್ನು ಜಾಡಿಗೆ ಹತ್ತಿರ ಹಿಡಿದು.

ಇಟಲಿಯ ಯಾವ ದೊಡ್ಡ ವೈನಿನ ಮನೆಗೆ ಹೋದರೂ ಸುಗ್ಗಿಯ ದಿನಗಳಲ್ಲಿ ಇದೇ ಕೆಲಸ ನಡೆಯುತ್ತಿರುತ್ತದೆ. ಮೇಲೆ ತೇಲುವ ಸಿಪ್ಪೆಯನ್ನು ರಸದಲ್ಲಿ ಮುಳುಗಿಸುವುದು. ಕೆಂಪು ವೈನಿನ ಕೆಂಪು ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಬಾಯಿಯನ್ನು ಹಿಡಿದೆಳೆಯುವ ಒಗರೂ ಸಿಪ್ಪೆ ಮತ್ತು ಬೀಜದಿಂದ. ಆಂಟಿಯ ಸೌಟಿಗೂ ಅಲ್ಲಿಯ ಉಕ್ಕಿನ ತೊಟ್ಟಿಗಳಿಗೂ ಗಾತ್ರದಲ್ಲಿ ಅಂತರವಿದೆ, ತತ್ವದಲ್ಲಿಲ್ಲ.

ಊರೇ ಹೆಸರು

ಕಾಕ್ಸ್‌ಟೌನಿನಿಂದ ಹಲಸೂರು ಕೆರೆ ಬಳಸಿ ಇಂದಿರಾನಗರಕ್ಕೆ ಆಟೋದಲ್ಲಿ ಕಾಲು ಗಂಟೆ. ಅಲ್ಲಿನ ನೂರಡಿ ರಸ್ತೆಯ ಊಟದ ಮನೆಗಳಲ್ಲಿ ಇಟಲಿಯ ವೈನಿನ ಪಟ್ಟಿ ಉದ್ದಕ್ಕಿದೆ. ಅದನ್ನು ಮೊದಲ ಸಲ ಓದುವವರಿಗೆ ಒಂದು ವಿಚಿತ್ರ ಕಾಣುತ್ತದೆ. ಮುಖ್ಯವಾದ ಹೆಸರುಗಳಲ್ಲಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ. ಬಾರೋಲೋ ಅನ್ನುವುದು ಒಂದು ಹಳ್ಳಿ. ಕಿಯಾಂತಿ ಅನ್ನುವುದು ಗುಡ್ಡಗಾಡಿನ ಒಂದು ಸೀಮೆ. ಬ್ರುನೆಲ್ಲೋ ದಿ ಮೊಂತಾಲ್ಚಿನೋ ಅಂದರೆ ಮೊಂತಾಲ್ಚಿನೋ ಎಂಬ ಬೆಟ್ಟದೂರಿನದು. ಮದ್ದೂರು ವಡೆ, ಧಾರವಾಡ ಪೇಡೆ ಎಂದ ಹಾಗೆ. ಒಳಗೇನಿದೆ ಎಂದು ಕೇಳಬೇಡಿ, ಎಲ್ಲಿಯದು ಎಂದು ಹೇಳಿದರೆ ಸಾಕು ಎಂಬ ಆತ್ಮವಿಶ್ವಾಸ ಅದು.

ಆ ಆತ್ಮವಿಶ್ವಾಸದ ಹಿಂದೆ ಮುನ್ನೂರು ವರ್ಷದ ಕಾವಲು ಇದೆ. 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೋಸಿಮೋ ಒಂದು ಆಜ್ಞೆ ಹೊರಡಿಸಿ, ಕಿಯಾಂತಿ ಎಂದರೆ ಇಲ್ಲಿಂದ ಇಲ್ಲಿಯವರೆಗೆ ಎಂದು ಎಲ್ಲೆ ಗೊತ್ತುಮಾಡಿದ. ಜೊತೆಗೆ ಇನ್ನೂ ಮೂರು ಸೀಮೆಗಳಿಗೆ. ಆ ಗೆರೆಯ ಆಚೆ ಬೆಳೆದದ್ದನ್ನು ಆ ಹೆಸರಲ್ಲಿ ಮಾರುವಂತಿರಲಿಲ್ಲ. ದ್ರಾಕ್ಷಿ ಬೆಳೆಯುವ ಸೀಮೆಗೆ ಸರ್ಕಾರವೇ ಗೆರೆ ಎಳೆದ ಮೊದಮೊದಲ ನಿದರ್ಶನಗಳಲ್ಲಿ ಇದೊಂದು.

ಕಿಯಾಂತಿಯ ಪ್ರಾಣ ಸಾಂಜೊವೇಸೆ ಎಂಬ ದ್ರಾಕ್ಷಿ. ಹೆಸರಿನ ಅರ್ಥ ಜೋವ್ ದೇವರ ರಕ್ತ ಎಂದು ಹೇಳುವುದು ವಾಡಿಕೆ. ಬಣ್ಣ ತೀರ ಗಾಢವಲ್ಲ. ಮೊದಲು ಹುಳಿ ಚೆರಿಯ ರುಚಿ, ಹಿಂದೆಯೇ ಒಣಗಿದ ಎಲೆಯ, ಮಣ್ಣಿನ ಛಾಯೆ, ಕೊನೆಗೆ ಅಡಿಕೆ ಜಗಿದಂತೆ ಕೆನ್ನೆಯ ಒಳಭಾಗವನ್ನು ಹಿಡಿಯುವ ಒಗರು. ಬಾಯಿ ತುಂಬ ನೀರೂರಿಸುವ ಹುಳಿ ಅದರದು. ಆದ್ದರಿಂದಲೇ ಊಟದ ಜೊತೆ ಅದು ಬೆಳಗುತ್ತದೆ, ಬರಿದೇ ಕುಡಿದರೆ ಬಿಗುಮಾನ ಬಿಡುವುದಿಲ್ಲ.

ಬಾರೋಲೋದ್ದು ಇನ್ನೊಂದು ಗುಣ. ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತದ ಹನ್ನೊಂದು ಊರುಗಳ ಇಳಿಜಾರಿನಲ್ಲಿ ಬೆಳೆವ ನೆಬ್ಬಿಯೋಲೋ ದ್ರಾಕ್ಷಿ ಅದರ ಮೂಲ. ಅಕ್ಟೋಬರಿನಲ್ಲಿ ಕಣಿವೆಗೆ ಮಂಜು ಇಳಿಯುವ ಹೊತ್ತಿಗೆ ಹಣ್ಣಾಗುವ ತಳಿ. ಮಂಜಿಗೆ ಅಲ್ಲಿ ನೆಬ್ಬಿಯಾ ಎನ್ನುತ್ತಾರೆ. ಮಾರುಕಟ್ಟೆಗೆ ಬರುವ ಮೊದಲು ಬಾರೋಲೋ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಎಕರೆಗೆ ಮೂರೂಕಾಲು ಟನ್ನಿಗಿಂತ ಹೆಚ್ಚು ಹಣ್ಣು ತೆಗೆದರೆ ಆ ಹೆಸರು ಸಿಗುವುದಿಲ್ಲ. ನಮ್ಮ ದೇವನಹಳ್ಳಿಯ ಚಪ್ಪರದಲ್ಲಿ ಎಕರೆಗೆ ಹತ್ತು ಹದಿನೈದು ಟನ್ ಇಳಿಯುತ್ತದೆ. ಈ ಒಂದು ಲೆಕ್ಕದಲ್ಲೇ ಎರಡು ಲೋಕಗಳ ಅಂತರವಿದೆ. ಅಲ್ಲಿ ಬಳ್ಳಿಗೆ ಹಸಿವು ಕಲಿಸುತ್ತಾರೆ, ಇಲ್ಲಿ ಹೊಟ್ಟೆ ತುಂಬ ಉಣಿಸುತ್ತಾರೆ.

---
ಎಲ್ಲೆ ಗುರುತಿಸಿದ ವರ್ಷಗಳು
1716: ಕಿಯಾಂತಿ ಸೀಮೆಗೆ ಟಸ್ಕನಿಯ ದೊರೆಯ ಗೆರೆ.
1963: ವೈನಿನ ಮೂಲ ಊರನ್ನು ಕಾಯುವ ಇಟಲಿಯ ರಾಷ್ಟ್ರೀಯ ಕಾನೂನು.
1980: ಬಾರೋಲೋ, ಬ್ರುನೆಲ್ಲೋಗಳಿಗೆ ಇಟಲಿಯ ಅತ್ಯುನ್ನತ ದರ್ಜೆ.
2010: ‘ನಾಸಿಕ್ ವ್ಯಾಲಿ ವೈನ್’ಗೆ ಭಾರತದ ಭೌಗೋಳಿಕ ಸೂಚಿಕೆ.
2013: ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆ. ಸೂಚಿಕೆ ಸಿಕ್ಕಿದ್ದು ಹಣ್ಣಿಗೆ, ವೈನಿಗಲ್ಲ.
---

ಹಿತ್ತಲಿನ ಒಡಹುಟ್ಟು

ಇಟಲಿಯ ಈಶಾನ್ಯಕ್ಕೆ ವೇನೆತೊ ಪ್ರಾಂತ. ವೆರೋನಾ ನಗರದ ಮಗ್ಗುಲಲ್ಲಿ ವಾಲ್ಪೊಲಿಚೆಲ್ಲಾ ಕಣಿವೆ. ಅಮರೋನೆ ಎಂಬ ಭಾರಿ ಕೆಂಪು ವೈನ್ ಅಲ್ಲಿಯದು. ಕೊಯ್ದ ದ್ರಾಕ್ಷಿಯನ್ನು ಅಟ್ಟದ ಮೇಲೆ ಮೂರು ನಾಲ್ಕು ತಿಂಗಳು ಹರಡಿ, ಮೂರನೇ ಒಂದು ಪಾಲು ತೂಕ ಇಳಿಯುವವರೆಗೆ ಒಣಗಿಸಿ, ಚಳಿಗಾಲದಲ್ಲಿ ಹಿಂಡುತ್ತಾರೆ. ಬಾಟಲಿಯೊಂದರ ಬೆಲೆ ಕೇಳಿ ನಾನು ಪಟ್ಟಿ ಮಡಚಿಟ್ಟಿದ್ದೇನೆ.

ಅದೇ ವೇನೆತೊದಲ್ಲಿ ರೈತರ ಮನೆಯಂಗಳದಲ್ಲಿ ಇನ್ನೊಂದು ಬಳ್ಳಿ ಇರುತ್ತದೆ. ಅಂಗಡಿಗೆ ಹೋಗದ ಬಳ್ಳಿ. ಅಂಗಳದ ಚಪ್ಪರಕ್ಕೆ ಹಬ್ಬಿ ನೆರಳು ಕೊಡುತ್ತದೆ, ಶರತ್ಕಾಲದಲ್ಲಿ ಕಪ್ಪು ಗೊಂಚಲು ಬಿಡುತ್ತದೆ. ಅದಕ್ಕೆ ಊವಾ ಫ್ರಾಗೊಲಾ ಎಂದು ಹೆಸರು. ಅಂದರೆ ಸ್ಟ್ರಾಬೆರಿ ದ್ರಾಕ್ಷಿ. ಹಣ್ಣನ್ನು ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಬೆಳೆದ ಯಾವ ಮಗುವಿಗೂ ಈ ಆಟ ಗೊತ್ತು. ನಾನಂತೂ ಕೆ.ಆರ್. ಪುರದ ಸಂತೆಯಿಂದ ಅಪ್ಪ ತರುತ್ತಿದ್ದ ಪೊಟ್ಟಣವನ್ನು ಹೀಗೆಯೇ ಖಾಲಿ ಮಾಡುತ್ತಿದ್ದೆ. ಸಿಪ್ಪೆ ಹುಳಿ, ತಿರುಳು ಸಿಹಿ, ಬೀಜ ಕಹಿ, ಸಂಜೆಯವರೆಗೂ ಬೆರಳು ನೇರಳೆ.

ಅದು ಇದೇ ಹಣ್ಣು. ಊವಾ ಫ್ರಾಗೊಲಾದ ತಳಿಯ ಹೆಸರು ಇಸಾಬೆಲ್ಲಾ. ಬೆಂಗಳೂರು ಬ್ಲೂವಿನದೂ ಅದೇ.

ಇಸಾಬೆಲ್ಲಾ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯ ಕಾಡುದ್ರಾಕ್ಷಿಗೂ ಯುರೋಪಿನ ಯಾವುದೋ ತೋಟದ ದ್ರಾಕ್ಷಿಗೂ ತಾನೇತಾನಾಗಿ ಆದ ಸಂಕರ. 1816ರ ಸುಮಾರಿಗೆ ನ್ಯೂಯಾರ್ಕಿನ ಬಳಿ ಸಸ್ಯತೋಟ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ ಅದನ್ನು ಹರಡಿದ. ಇಸಾಬೆಲ್ಲಾ ಗಿಬ್ಸ್ ಎಂಬ ಗೃಹಿಣಿಯ ತೋಟದಿಂದ ಬಂದ ಬಳ್ಳಿಗೆ ಅವಳ ಹೆಸರೇ ಉಳಿಯಿತು. ಅಲ್ಲಿಂದ ಅದು ಹೋಗದ ಕಡೆಯಿಲ್ಲ. ಇಟಲಿ, ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳು, ಬ್ರೆಜಿಲ್, ಕಪ್ಪು ಸಮುದ್ರದ ದಂಡೆ. ಬ್ರಿಟಿಷರ ಕಾಲದಲ್ಲಿ, ಒಂದೂವರೆ ಶತಮಾನದ ಹಿಂದೆ, ಬೆಂಗಳೂರಿನ ಸುತ್ತಲ ಕೆಂಪು ಮಣ್ಣಿಗೂ ಬಂದು ಬೇರುಬಿಟ್ಟಿತು. 1809ರಲ್ಲಿ ದಂಡು ಕಟ್ಟಿದ ಮೇಲೆ ಇಲ್ಲಿಗೆ ಬಂದ ಬೀನ್ಸ್, ಕೋಸು, ಕ್ಯಾರೆಟ್ಟುಗಳ ಹಾಗೆಯೇ ಪರದೇಶಿಯಾಗಿ ಬಂದು ಮನೆಮಗಳಾಯಿತು.

ಆದರೆ ಯುರೋಪಿನಲ್ಲಿ ಅದರ ಪಾಡು ಬೇರೆಯಾಯಿತು. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಬೇರಿಗೆ ಅಂಟಿಕೊಂಡು ಫಿಲಾಕ್ಸೆರಾ ಎಂಬ ಸೂಕ್ಷ್ಮ ಹೇನು ಫ್ರಾನ್ಸಿಗೆ ಬಂತು. ಯುರೋಪಿನ ದ್ರಾಕ್ಷಿ ತೋಟಗಳು ಸಾಲುಸಾಲಾಗಿ ಸತ್ತವು. ಆಗ ರೈತರು ಹೇನನ್ನೂ ಬೂಜು ರೋಗವನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುವ ಇಸಾಬೆಲ್ಲಾದಂಥ ತಳಿಗಳಿಗೆ ತಿರುಗಿಕೊಂಡರು. ಬಡವರ ಮೇಜಿನ ಮೇಲೆ ವೈನ್ ಉಳಿಸಿದ್ದು ಈ ಬಳ್ಳಿಗಳೇ. ಮುಂದೆ ತೋಟಗಳು ಚೇತರಿಸಿಕೊಂಡು ವೈನ್ ಕೊಳ್ಳುವವರಿಲ್ಲದಷ್ಟು ಹೆಚ್ಚಾದಾಗ ಮೊದಲು ಹೊರದಬ್ಬಿದ್ದು ಇವನ್ನೇ. ಫ್ರಾನ್ಸ್ 1934ರ ಕಾನೂನಿನಲ್ಲಿ ಆರು ತಳಿಗಳನ್ನು ನಿಷೇಧಿಸಿತು, ಇಸಾಬೆಲ್ಲಾ ಅವುಗಳಲ್ಲಿ ಒಂದು. ಇಟಲಿಯೂ ಇದೇ ಹಾದಿ ಹಿಡಿಯಿತು. ಇಂದಿಗೂ ಐರೋಪ್ಯ ಒಕ್ಕೂಟದಲ್ಲಿ ಈ ಹಣ್ಣಿನ ರಸವನ್ನು ವೈನ್ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ವೇನೆತೊದ ಮನೆಗಳಲ್ಲಿ ಮಾತ್ರ ಪ್ರತಿ ವರ್ಷ ಫ್ರಗೊಲೀನೋ ಎಂಬ ಸಿಹಿ ಕೆಂಪು ಪಾನೀಯ ತಯಾರಾಗುತ್ತದೆ. ಮನೆಯವರಿಗೆ, ನೆಂಟರಿಗೆ, ನೆರೆಯವರಿಗೆ.

ಇದನ್ನು ಓದಿದ ದಿನ ನನಗೆ ಆಂಟಿಯ ಜಾಡಿ ನೆನಪಾಗಿ ಮೈ ಜುಮ್ಮೆಂದಿತು. ಒಬ್ಬರನ್ನೊಬ್ಬರು ಕಂಡರಿಯದ ಎರಡು ಅಡುಗೆಮನೆಗಳು. ಒಂದೇ ಹಣ್ಣು, ಒಂದೇ ಚಪ್ಪರ, ಒಂದೇ ಸಿಹಿ.

ಆ ವಾಸನೆಯ ಜಾತಕ

ವೈನ್ ಬಲ್ಲವರು ಈ ಹಣ್ಣಿನ ಮೇಲೆ ಹೊರಿಸುವ ಆರೋಪ ಒಂದೇ, ವಾಸನೆ. ಇಂಗ್ಲಿಷಿನವರು ಅದಕ್ಕೆ ‘ಫಾಕ್ಸಿ’ ಎಂದು ಹೆಸರಿಟ್ಟರು, ನರಿಯ ವಾಸನೆ ಎಂಬ ಅರ್ಥ ಬರುವಂತೆ. ಅಮೆರಿಕದ ಈ ಕಾಡುದ್ರಾಕ್ಷಿಯನ್ನು ನರಿದ್ರಾಕ್ಷಿ ಎಂದೇ ಕರೆಯುತ್ತಿದ್ದರು. ಪದ ಒಮ್ಮೆ ಅಂಟಿಕೊಂಡ ಮೇಲೆ ಕಳಚುವುದು ಕಷ್ಟ.

ಆ ವಾಸನೆಗೆ ಕಾರಣಗಳಲ್ಲಿ ಮುಖ್ಯವಾದದ್ದು ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ. ಅದು ಇನ್ನೆಲ್ಲಿದೆ ಗೊತ್ತೆ? ಮಲ್ಲಿಗೆಯಲ್ಲಿ. ಕಿತ್ತಳೆಯ ಹೂವಿನಲ್ಲಿ. ಇನ್ನೊಂದು ಫ್ಯೂರನಿಯಾಲ್. ಅದು ಸ್ಟ್ರಾಬೆರಿಯ ಪರಿಮಳದ ಜೀವಾಳ. ಇಟಲಿಯವರು ಅದನ್ನೇ ಹಿಡಿದು ಹೆಸರಿಟ್ಟರು. ಮೂಗು ಒಂದೇ, ಹೆಸರಿಡುವ ಮನಸ್ಸು ಬೇರೆ. ಒಬ್ಬರಿಗೆ ನರಿ ಕಂಡಲ್ಲಿ ಇನ್ನೊಬ್ಬರಿಗೆ ಸ್ಟ್ರಾಬೆರಿ ಕಂಡಿತು. ರಸೆಲ್ ಮಾರ್ಕೆಟ್ಟಿನ ಹೂವಿನವರ ಪಕ್ಕದಲ್ಲೇ ದ್ರಾಕ್ಷಿಯ ಬುಟ್ಟಿ ನೋಡಿ ಬೆಳೆದ ನನಗೆ ಅದು ಮಲ್ಲಿಗೆಯ ದೂರದ ನೆಂಟ ಎಂದು ಕೇಳಿ ಆಶ್ಚರ್ಯವಾಗಲಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು. ಸಾಂಜೊವೇಸೆ ಕೊಡುವ ಗಾಂಭೀರ್ಯವನ್ನು ಬೆಂಗಳೂರು ಬ್ಲೂ ಕೊಡಲಾರದು. ಇದರಲ್ಲಿ ಸಕ್ಕರೆ ಕಡಿಮೆ, ಹುಳಿ ಹೆಚ್ಚು, ವರ್ಷಗಟ್ಟಲೆ ಇಟ್ಟು ಪಳಗಿಸಬಲ್ಲ ಒಗರು ಇಲ್ಲ. ಇಟಲಿಯಲ್ಲಿ ವೈನಿಗೆ ಸಕ್ಕರೆ ಬೆರೆಸುವುದು ಕಾನೂನುಬಾಹಿರ. ಆಂಟಿಯ ಜಾಡಿಗೆ ಬೀಳುವುದು ಹಣ್ಣಿನಷ್ಟೇ ಸಕ್ಕರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಿಹಿಯಾದ ‘ಪೋರ್ಟ್ ವೈನ್’ಗಳಿಗೂ ಬಹುಕಾಲದಿಂದ ಇದೇ ಹಣ್ಣು ಆಧಾರ. ಹುಳಿ ಮತ್ತು ಪರಿಮಳ ಹಣ್ಣಿನದು, ಸಿಹಿ ಚೀಲದ್ದು. ಹೀಗೆ ಮಾಡಿದ್ದನ್ನು ಬಾರೋಲೋದ ಪಕ್ಕದಲ್ಲಿಟ್ಟು ಅಂಕ ಹಾಕಿದರೆ ಎರಡಕ್ಕೂ ಅನ್ಯಾಯ. ವೀಣೆಗೂ ಡೊಳ್ಳಿಗೂ ಸ್ಪರ್ಧೆ ಇಡುವವರುಂಟೆ?

ಕಲ್ಲುಕಂಬದ ಚಪ್ಪರದಡಿ

ಹಣ್ಣಿನ ಮೂಲ ಹುಡುಕಿ ದೇವನಹಳ್ಳಿಯ ಕಡೆಗೆ ಹೋದೆ. ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ, ಮೊದಲು ಲೇಔಟಿನ ಬಣ್ಣದ ಕಲ್ಲುಗಳು, ಆಮೇಲೆ ರಾಗಿ ಹೊಲ, ಆಮೇಲೆ ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ.

ಇಟಲಿಯ ಚಪ್ಪರ ಮರದ್ದು, ನಮ್ಮದು ಕಲ್ಲಿನದು. ಬೆಂಗಳೂರಿನ ಸುತ್ತಲ ಬಂಡೆಯನ್ನು ಸೀಳಿ ತೆಗೆದ ಆಳೆತ್ತರದ ಕಂಬಗಳು, ಮೇಲೆ ಜಾಲರಿಯಂತೆ ತಂತಿ. ಬಳ್ಳಿ ಕಂಬದೆತ್ತರಕ್ಕೆ ನೇರವಾಗಿ ಏರಿ, ಅಲ್ಲಿಂದ ಕೊಡೆಯಂತೆ ಹರಡುತ್ತದೆ. ಒಳಗೆ ಕಾಲಿಟ್ಟರೆ ಮಟಮಟ ಮಧ್ಯಾಹ್ನದಲ್ಲೂ ಹಸಿರು ನೆರಳು. ಗೊಂಚಲುಗಳು ತಲೆಗೆ ತಾಗುವಂತೆ ಜೋತಾಡುತ್ತವೆ. ಬಗ್ಗಿಯೇ ನಡೆಯಬೇಕು.

"ಇದಕ್ಕೆ ಔಷ್ಧಿ ಕಮ್ಮಿ ಸಾಕು ಕಣಮ್ಮ," ಎಂದರು ತೋಟದ ಯಜಮಾನರು. "ದಿಲ್‌ಖುಷ್ ತಳಿ ಹಾಕಿದ್ರೆ ಕಾಸು ಜಾಸ್ತಿ ಬರ್ತದೆ, ನಿಜ. ಆದ್ರೆ ಮಳೆ ಹಿಡ್ಕೊಂತು ಅಂದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಇದು ತಡ್ಕೊಳ್ತದೆ. ನಮ್ಮಪ್ಪ ಇಟ್ಟ ಗಿಡ ಇವು."

ಅವರು ಹೇಳಿದ್ದು ಸರಿ. ಚಿಬ್ಬು ರೋಗ, ಬೂಜು ರೋಗಗಳನ್ನು ಬೇರೆ ತಳಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುವ ಗುಣ ಅದರ ಅಮೆರಿಕದ ಕಾಡುರಕ್ತದ್ದು. ಇನ್ನೊಂದು ಗುಣ ನಮ್ಮ ಹವೆಯದು. ಇಟಲಿಯಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವರ್ಷಕ್ಕೆ ಒಂದೇ ಬೆಳೆ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿದೆ, ಭೂಮಧ್ಯರೇಖೆಯಿಂದ ಹದಿಮೂರೇ ಡಿಗ್ರಿ ದೂರದಲ್ಲಿದೆ. ಇಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಬೀಳುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಸವರುತ್ತಾರೆ, ಎರಡು ಸಲ ಹಣ್ಣು. ನಿದ್ದೆಯಿಲ್ಲದ ಬಳ್ಳಿ ಇದು. ಅದಕ್ಕೇ ನವೆಂಬರಿನಲ್ಲೂ ಆಂಟಿಗೆ ತಾಜಾ ಹಣ್ಣು ಸಿಗುತ್ತದೆ.

---
ಹಾಪ್‌ಕಾಮ್ಸ್ ಹುಟ್ಟಿದ್ದು ದ್ರಾಕ್ಷಿಯಿಂದ
ಬೆಂಗಳೂರಿನ ಬೀದಿಬೀದಿಯಲ್ಲಿರುವ ಹಾಪ್‌ಕಾಮ್ಸ್ ಮಳಿಗೆಗಳ ಮೂಲ 1959ರಲ್ಲಿ ಶುರುವಾದ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಅದರ ಹಿಂದಿನ ಪ್ರೇರಣೆ ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡ. ತರಕಾರಿ, ಇತರ ಹಣ್ಣುಗಳೆಲ್ಲ ಬಂದು ಸೇರಿದ್ದು ಆಮೇಲೆ. ಬೇಸಿಗೆಯ ಮುನ್ನ ಹಾಪ್‌ಕಾಮ್ಸ್ ನಡೆಸುವ ದ್ರಾಕ್ಷಿ ಮತ್ತು ಕಲ್ಲಂಗಡಿ ಮೇಳದಲ್ಲಿ ಬೆಂಗಳೂರು ಬ್ಲೂಗೆ ಇಂದಿಗೂ ಜಾಗವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಬೇರೆ ತಳಿಯೊಂದಿಗೆ ಕೂಡಿಸಿ ‘ಅರ್ಕಾ ತೃಷ್ಣಾ’ ಎಂಬ ವೈನ್ ದ್ರಾಕ್ಷಿಯನ್ನೂ ರೂಪಿಸಿತು.
---

ಇದೇ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಕನ್ವಲ್ ಗ್ರೋವರ್ ಫ್ರಾನ್ಸಿನ ತಳಿಗಳನ್ನು ನೆಟ್ಟರು. ನಂದಿ ಬೆಟ್ಟದ ತಪ್ಪಲಲ್ಲಿ ಕ್ಯಾಬರ್ನೆ, ಶಿರಾಜ್ ಬೆಳೆಯಿತು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೊಲಾಂ 1990ರ ದಶಕದಲ್ಲಿ ಇಲ್ಲಿಗೆ ಸಲಹೆಗಾರರಾಗಿ ಬಂದರು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಾರಸ ನೀತಿ ತಂದು, ಅದಕ್ಕಾಗಿ ಮಂಡಳಿಯನ್ನೂ ಮಾಡಿತು. ಕಿಯಾಂತಿಯ ಸಾಂಜೊವೇಸೆಯೂ ಕರ್ನಾಟಕಕ್ಕೆ ಬಂದಾಗಿದೆ. ಹಂಪಿಯ ಸೀಮೆಯ ಬಂಡೆಗುಡ್ಡಗಳ ನಡುವೆ ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕ್ರಿಸ್ಮಾ ಎಸ್ಟೇಟ್ ಅದನ್ನು ಬೆಳೆದು ವೈನ್ ಮಾಡುತ್ತಿದೆ. ತುಂಗಭದ್ರೆಯ ಬಿಸಿಲಿನಲ್ಲಿ ಟಸ್ಕನಿಯ ಬಳ್ಳಿ. ಸಂತೋಷದ ಸಂಗತಿ.

ನನ್ನ ಕೊರಗು ಬೇರೆ. ಫ್ರಾನ್ಸಿನ ತಳಿಗೆ ತಜ್ಞರು ಬಂದರು, ಇಟಲಿಯ ತಳಿಗೆ ತೋಟ ಸಿಕ್ಕಿತು, ಬೆಂಗಳೂರಿನ ಹೆಸರು ಹೊತ್ತ ಹಣ್ಣಿಗೆ ಒಂದು ಕಾಗದ ಸಿಕ್ಕಿತು. 2013ರ ಭೌಗೋಳಿಕ ಸೂಚಿಕೆಯ ಪ್ರಕಾರ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಈ ಮಣ್ಣು ಅದರ ಅಧಿಕೃತ ತವರು. ಆ ಗೆರೆಯೊಳಗೆ ಬೆಳೆಯುವ ರೈತನಿಗೆ ಗೆರೆಯಿಂದ ಏನು ಬಂತು? ತೋಟದ ಯಜಮಾನರನ್ನು ಕೇಳಿದೆ. ಹಣ್ಣು ತುಂಬಿದ ಪ್ಲಾಸ್ಟಿಕ್ ಕ್ರೇಟ್ ತೋರಿಸಿದರು. ಅದರ ಮೇಲೆ ಊರಿನ ಹೆಸರೂ ಇರಲಿಲ್ಲ, ಹಣ್ಣಿನ ಹೆಸರೂ ಇರಲಿಲ್ಲ. ಮಂಡಿಯ ನಂಬರ್ ಇತ್ತು.

ಕಿಯಾಂತಿಯ ದೊರೆ ಗೆರೆ ಎಳೆದು ಸುಮ್ಮನಾಗಲಿಲ್ಲ, ಮೇಲ್ವಿಚಾರಣೆಗೆ ಸಮಿತಿ ನೇಮಿಸಿದ. ಗೆರೆಯ ಒಳಗಿನದಕ್ಕೆ ಹೊರಗಿನದಕ್ಕಿಂತ ಹೆಚ್ಚು ಬೆಲೆ ಬರುವಂತೆ ಆದದ್ದು ಆ ಕಾವಲಿನಿಂದ. ನಮ್ಮಲ್ಲಿ ಗೆರೆಯ ಒಳಗೆ ಬೆಲೆ ಏರಿದ್ದು ಹಣ್ಣಿನದಲ್ಲ, ನೆಲದ್ದು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ತೋಟಗಳು ಒಂದೊಂದಾಗಿ ಲೇಔಟ್ ಆದವು. ಚಪ್ಪರ ಬಿಚ್ಚಿದ ಕಲ್ಲುಕಂಬಗಳು ಕಾಂಪೌಂಡಿಗೆ ಹೋದವು. ರಸ್ತೆ ಬದಿಯ ಬೇಲಿಗಳಲ್ಲಿ ಅವನ್ನು ಈಗಲೂ ಗುರುತಿಸಬಹುದು, ತಲೆಯಲ್ಲಿ ತಂತಿ ಕೂರುತ್ತಿದ್ದ ಗೀರು ಹಾಗೇ ಇರುತ್ತದೆ.

ನೀರಿನ ಕಥೆಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಬಡಾವಣೆಗಳೂ ಇವೆ. ಕೋಲಾರ, ಚಿಕ್ಕಬಳ್ಳಾಪುರಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದೇ ರೀತಿ ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ. ಹಲಸೂರು ಕೆರೆಯ ಕೋಡಿ ಹರಿಯುವುದು ಬೆಳ್ಳಂದೂರಿನ ಕಡೆಗೆ, ಅಂದರೆ ಆ ಮೊದಲ ಕಣಿವೆಗೆ. ಹಲಸೂರು, ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆದ ನೀರಿಗೂ ಕೋಲಾರದ ಅಂತರ್ಜಲಕ್ಕೂ ಈಗ ನಂಟಿದೆ. ಆ ನೀರನ್ನು ಇನ್ನೂ ಒಂದು ಹಂತ ಹೆಚ್ಚು ಶುದ್ಧಮಾಡಿ ಕಳಿಸಿ ಎಂದು ಅಲ್ಲಿನ ರೈತರು ಕೇಳುತ್ತಿದ್ದಾರೆ. ನ್ಯಾಯವಾದ ಬೇಡಿಕೆ. ಇಟಲಿಯವರು ಮಣ್ಣು, ನೀರು, ಇಳಿಜಾರು, ಗಾಳಿ ಎಲ್ಲವೂ ವೈನಿನ ರುಚಿಯಲ್ಲಿ ಇಳಿಯುತ್ತವೆ ಎನ್ನುತ್ತಾರೆ. ಹಾಗಿದ್ದರೆ ನಾವು ಕಳಿಸುವ ನೀರಿನ ಹೊಣೆ ನಮ್ಮದು, ಹಣ್ಣು ಮರಳಿ ಬರುವುದು ನಮ್ಮ ಮಾರ್ಕೆಟ್ಟಿಗೇ.

ಎರಡು ಗ್ಲಾಸು

ಕಳೆದ ವಾರ ಆಂಟಿ ಜಾಡಿ ಸೋಸಿದರು. ಹೋಗುವಾಗ ನಾನೊಂದು ಕಿಯಾಂತಿ ಬಾಟಲಿ ಕೊಂಡೊಯ್ದಿದ್ದೆ. ಮೇಜಿನ ಮೇಲೆ ಎರಡು ಗ್ಲಾಸಿಟ್ಟು, ಒಂದಕ್ಕೆ ಅದು, ಇನ್ನೊಂದಕ್ಕೆ ಆಂಟಿಯ ಕಳೆದ ವರ್ಷದ್ದು.

ಕಿಯಾಂತಿ ಮಾಣಿಕ್ಯದ ಬಣ್ಣ, ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಆಂಟಿಯದು ಕಪ್ಪಿಗೆ ತಿರುಗಿದ ನೇರಳೆ, ಗ್ಲಾಸಿನ ಗೋಡೆಗೆ ಅಂಟಿಕೊಂಡು ನಿಧಾನ ಇಳಿಯುವಷ್ಟು ಮಂದ. ಕಿಯಾಂತಿ ಬಾಯಿಯನ್ನು ಒಣಗಿಸಿ ಇನ್ನೊಂದು ಗುಟುಕಿಗೆ ಕರೆಯಿತು. ಆಂಟಿಯದು ಮೊದಲು ಸಿಹಿ, ನಾಲಿಗೆಯ ಪಕ್ಕದಲ್ಲಿ ಒಮ್ಮೆಲೆ ಹುಳಿ, ಕೊನೆಗೆ ಚಕ್ಕೆಯ ಬಿಸಿ. ಮತ್ತೆ ಆ ವಾಸನೆ, ರಸೆಲ್ ಮಾರ್ಕೆಟ್ಟಿನ ಬೆಳಗ್ಗೆ ಏಳು ಗಂಟೆ. ಪ್ಲಮ್ ಕೇಕಿನ ತುಂಡು ಮತ್ತು ಕುಲ್‌ಕುಲ್ ಜೊತೆಗೆ ಇಟ್ಟರೆ ಕಿಯಾಂತಿ ಮುದುಡಿಕೊಳ್ಳುತ್ತದೆ, ಆಂಟಿಯದು ಅರಳುತ್ತದೆ. ಖೀಮಾ ಪಫ್ ಬಂದಾಗ ಕಿಯಾಂತಿಗೆ ಜೀವ ಬಂತು.

ಆಂಟಿ ಗ್ಲಾಸಿಗಿಂತ ಬಾಟಲಿಯನ್ನೇ ಹೆಚ್ಚು ಹೊತ್ತು ನೋಡಿದರು. ಕನ್ನಡಕ ಏರಿಸಿ ಚೀಟಿ ಓದಿದರು.

"ಇದ್ರಲ್ಲಿ ಗ್ರೇಪ್ ಹೆಸ್ರು ಎಲ್ಲಿ ಚೈಲ್ಡ್?"

"ಇಲ್ಲ ಆಂಟಿ. ಅದು ಊರಿನ ಹೆಸರು."

"ಬರೀ ಊರು?"

"ಬರೀ ಊರು."

ಆಂಟಿಯ ಬಾಟಲಿಗಳಿಗೆ ಬ್ಯಾಂಡೇಜಿನ ಬಿಳಿ ಟೇಪೇ ಚೀಟಿ. ಅರುವತ್ತು ವರ್ಷದಿಂದ ಅದರ ಮೇಲೆ ಇಸವಿ ಒಂದನ್ನೇ ಬರೆಯುತ್ತ ಬಂದಿದ್ದಾರೆ. ಈ ವರ್ಷದ ಮೊದಲ ಬಾಟಲಿಗೆ ಟೇಪು ಅಂಟಿಸಿ, ಇಸವಿ ಬರೆದು, ಪೆನ್ನು ಹಿಡಿದೇ ನನ್ನ ಕಡೆ ತಿರುಗಿದರು.

"ಎಲ್ಲಿಂದು ಅಂದೆ ಆ ಗ್ರೇಪ್ಸು?"

"ದೇವನಹಳ್ಳಿ."

ಇಂಗ್ಲಿಷಿನ ದಪ್ಪಕ್ಷರಗಳಲ್ಲಿ ಬರೆಯತೊಡಗಿದರು. ಹೆಸರು ಉದ್ದವಾಯಿತು, ಟೇಪು ಸಾಲಲಿಲ್ಲ. ಡ್ರಾಯರಿನಿಂದ ಟೇಪಿನ ಸುರುಳಿ ತೆಗೆದು, ಹಲ್ಲಿನಿಂದ ಇನ್ನೊಂದು ತುಂಡು ಕತ್ತರಿಸಿ, ಮೊದಲಿನದರ ಪಕ್ಕಕ್ಕೆ ಒತ್ತಿ ಅಂಟಿಸಿ, ಉಳಿದ ಅಕ್ಷರಗಳನ್ನು ಬರೆದು ಮುಗಿಸಿದರು.